ಪಕ್ಕದ ಮನೆಯವರ ‘ರೋಯ್‌ಆಸ್’

ದಕ್ಷಿಣ ಆಫ್ರಿಕಾದ ಕಡಲೂರು ಮೊಸೆಲ್ ಬೇಗೆ ಬಂದು ಸಾಮಾನು ಬಿಚ್ಚುವ ಮೊದಲೇ ಪಕ್ಕದ ಮನೆಯವರು ಮೀನು ಹಿಡಿಯೋಕೆ ಕರೆದಿದ್ದಾರೆ ಅಂತ ಬರೆದಿದ್ದೀರಿ. ಮೊದಲು ‘ರೋಯ್‌ಆಸ್’ ಕೀಳಬೇಕು ಅಂದರಂತೆ. ಏನದು, ಮೀನೇ ತಿನ್ನದ ನಾನು ಹೋಗಲಾ ಅಂತ ನಿಮ್ಮ ಪ್ರಶ್ನೆ. ಹೋಗಿ. ಇಲ್ಲಿಯ ಜನ ಬಾಯ್ತುಂಬ ಮಾತಾಡೋದು ಬಂಡೆ ಮೇಲೆ ನಿಂತಾಗಲೇ.

ಇಲ್ಲಿಯ ಆಫ್ರಿಕಾನ್ಸ್ ಭಾಷೆಯಲ್ಲಿ ಅದರ ಅರ್ಥ ಕೆಂಪು ಎರೆ, ಗಾಳಕ್ಕೆ ಸಿಕ್ಕಿಸುವುದು. ಅದೊಂದು ಕಡಲ ಪ್ರಾಣಿ, ಆದರೆ ನೋಡಿದರೆ ಹಾಗೆ ಅನಿಸೋದೇ ಇಲ್ಲ. ಕಂದು ಬಣ್ಣ, ಹಳೇ ಚಪ್ಪಲಿಯಷ್ಟು ಗಟ್ಟಿ ಸಿಪ್ಪೆ, ಮೈಮೇಲೆಲ್ಲ ಪಾಚಿ. ಗುಂಪುಗುಂಪಾಗಿ ಬಂಡೆ ಕಚ್ಚಿಕೊಂಡಿರುತ್ತದೆ. ಸಮುದ್ರದ ನೀರು ಒಳಗೆಳೆದು, ಸೋಸಿ ತಿಂದು, ಹೊರಗೆ ಬಿಡೋದೇ ಅದರ ಬದುಕು. ತುಳಿದರೆ ಪಿಚಕ್ಕನೆ ನೀರು ಹಾರಿಸುತ್ತದೆ, ಬಗ್ಗಿದ್ದರೆ ಮುಖಕ್ಕೇ. ಮೇಲ್ಭಾಗವನ್ನು ಚಾಕುವಿನಿಂದ ಕೊಯ್ದು ಬೆರಳು ಹಾಕಿ ಎಳೆದರೆ ಕೆಂಪು-ಕಿತ್ತಳೆ ಮಾಂಸ ಬರುತ್ತದೆ. ತುಂಬ ಮೆತ್ತಗೆ. ಸುಮ್ನೆ ಚುಚ್ಚಿದರೆ ಗಾಳದಲ್ಲಿ ನಿಲ್ಲಲ್ಲ, ತೆಳು ದಾರ ಸುತ್ತಿ ಕಟ್ಟಬೇಕು. ದಾರ ಸುತ್ತುವ ಕೆಲಸ ನಿಮಗೇ ಬೀಳುತ್ತದೆ, ಹೊಸಬರಿಗೆ ಕೊಡೋದೇ ಅದು!

ಗಲ್ಯೂನ್ ಅನ್ನುವ ಮೀನಿಗೆ ಈ ಎರೆ ಅಂದರೆ ಪ್ರಾಣ. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಮೀನು ಅದು. ಕೆಲವರು ಎರೆಯನ್ನು ಕೊಳೆಸಿಟ್ಟು ತರುತ್ತಾರೆ. ಆ ಡಬ್ಬ ಮುಚ್ಚಳ ತೆಗೆಯುವಾಗ ಗಾಳಿ ಯಾವ ಕಡೆಯಿಂದ ಬರ್ತಿದೆ ನೋಡಿಕೊಳ್ಳಿ.

ಕಾಯಿದೆ ಮಾತ್ರ ಬಿಗಿ, ನಮ್ಮೂರಿನ ಹಾಗಲ್ಲ. ಗಾಳ ಹಾಕೋಕೂ, ಎರೆ ಕೀಳೋಕೂ ಪರ್ಮಿಟ್ ಬೇಕು. ಅಂಚೆ ಕಚೇರಿಯಲ್ಲಿ ಸಿಗುತ್ತದೆ, ಪಾಸ್‌ಪೋರ್ಟ್ ಒಯ್ಯಿರಿ. ದಿನಕ್ಕೆ ಒಬ್ಬರಿಗೆ ರೋಯ್‌ಆಸ್ 2 ಕೆಜಿ, ಸಿಪ್ಪೆ ಬಿಟ್ಟು. ಗಲ್ಯೂನ್ 2 ಮಾತ್ರ, ಅದೂ 35 ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ವಾಪಸ್ ನೀರಿಗೆ. ಅಕ್ಟೋಬರ್ 15ರಿಂದ ಫೆಬ್ರವರಿ ಕೊನೆಯವರೆಗೆ ಅದನ್ನು ಹಿಡಿಯೋ ಹಾಗೇ ಇಲ್ಲ. ಹಿಡಿದದ್ದನ್ನು ಮಾರುವಂತಿಲ್ಲ. ‘ನಮ್ಮ ಪರ್ಮಿಟ್‌ನಲ್ಲೇ ಆಗುತ್ತೆ ಬನ್ನಿ’ ಅಂತ ಪಕ್ಕದ ಮನೆಯವರು ಅಂದರೂ ಒಪ್ಪಬೇಡಿ. ವೀಸಾ ಮೇಲಿರುವವರಿಗೆ ಇಂಥ ತಂಟೆ ಯಾಕೆ?

ಎರೆ ಕೀಳೋಕೆ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿನ ಇಳಿತವೇ ಒಳ್ಳೆಯದು, ಆಗ ಬಂಡೆ ಜಾಸ್ತಿ ಕಾಣುತ್ತದೆ. ಆದರೆ ಕಡಲಿಗೆ ಬೆನ್ನು ಹಾಕಬೇಡಿ. ದೊಡ್ಡ ಅಲೆ ಹೇಳಿ ಬರಲ್ಲ. ಬಂಡೆ ಒದ್ದೆಯಾಗಿರುವ ಕಡೆ ನಿಲ್ಲಲೇಬೇಡಿ, ಅಲೆ ಅಲ್ಲಿಗೆ ಒಮ್ಮೆ ಬಂದಾಗಿದೆ ಅಂತಲೇ ಲೆಕ್ಕ.

ಊಟದ ಚಿಂತೆ ಬೇಡ. ಸಂಜೆ ಕೆಂಡ ಮಾಡಿ ಸುಡೋದಕ್ಕೆ ಇವರು ಬ್ರೈ ಅಂತಾರೆ. ಮಾಂಸ ಬೇಡ ಅಂತ ಮೊದಲೇ ಹೇಳಿಬಿಡಿ. ಮುಸುಕಿನ ಜೋಳ ಸುಡುತ್ತಾರೆ. ಚೀಸ್, ಟೊಮೆಟೊ, ಈರುಳ್ಳಿ ಇಟ್ಟ ಬ್ರೆಡ್ಡೂ ಕೆಂಡದ ಮೇಲೆ ಚೆನ್ನಾಗಿರುತ್ತದೆ. ನೀವು ಒಂದು ಬಾಟಲಿ ಮಾವಿನ ಉಪ್ಪಿನಕಾಯಿ ತಗೊಂಡು ಹೋಗಿ, ಮುಂದಿನ ವಾರ ಅವರೇ ಕರೆಯುತ್ತಾರೆ.