ಸದಾ ಚಾರ್ಜಿಗೆ ಹಾಕಿಟ್ಟ ಲ್ಯಾಪ್‌ಟಾಪ್

ದಿನವಿಡೀ ಚಾರ್ಜರ್ ಸಿಕ್ಕಿಸಿಕೊಂಡೇ ಕೆಲಸ ಮಾಡಿದರೆ ಲೆನೊವೊ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನ ಬ್ಯಾಟರಿ ಹಾಳಾಗುತ್ತಾ ಅಂತ ಕೇಳಿದ್ದೀರಿ. ಓವರ್‌ಚಾರ್ಜ್ ಭಯ ಬೇಡ; ತುಂಬಿದ ಮೇಲೆ ಸರ್ಕ್ಯೂಟೇ ನಿಲ್ಲಿಸುತ್ತದೆ. ತೊಂದರೆ ಇರುವುದು ಚಾರ್ಜ್ ಸದಾ ನೂರು ಪರ್ಸೆಂಟ್‌ನಲ್ಲೇ ಕೂರುವುದರಲ್ಲಿ. ಪೂರ್ತಿ ತುಂಬಿದ ಲಿಥಿಯಂ ಸೆಲ್ ಸಾಮಾನ್ಯವಾಗಿ 4.2 ವೋಲ್ಟ್ ಆಸುಪಾಸಿನಲ್ಲಿರುತ್ತದೆ. ಆ ಹೆಚ್ಚಿನ ವೋಲ್ಟೇಜ್ ಜೊತೆ ಬಿಸಿಯೂ ಸೇರಿದರೆ ಬ್ಯಾಟರಿ ಬೇಗ ಸವೆಯುತ್ತದೆ.

ಲೆನೊವೊ ವಾಂಟೇಜ್ ಆ್ಯಪ್‌ನಲ್ಲಿ ಬ್ಯಾಟರಿ ಚಾರ್ಜ್ ಥ್ರೆಶೋಲ್ಡ್ (ಚಾರ್ಜ್ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಅನ್ನುವ ಮಿತಿ) ಹುಡುಕಿ. 75 ಪರ್ಸೆಂಟ್‌ಗೆ ಶುರುವಾಗಿ 80ಕ್ಕೆ ನಿಲ್ಲುವ ಹಾಗೆ ಇಡಿ. ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ 100 ಮಾಡಿಕೊಳ್ಳಿ. ಆಗಾಗ ಪೂರ್ತಿ ಖಾಲಿ ಮಾಡಬೇಕು ಅನ್ನುವುದು ಹಳೇ ನಿಕಲ್ ಬ್ಯಾಟರಿ ಕಾಲದ ಮಾತು, ಸುಮ್ನೆ ಬಿಟ್ಟುಬಿಡಿ.

ಹಾಸಿಗೆ ಮೇಲಿಟ್ಟು ಮಾತ್ರ ಬಳಸಬೇಡಿ. ಗಾಳಿ ಕಿಂಡಿ ಮುಚ್ಚಿ ಒಳಗೆಲ್ಲ ಕಾಯುತ್ತದೆ. ಹಾಗೆ ಮಾಡಿಯೇ ನಾನು ಒಂದು ಬ್ಯಾಟರಿ ಉಬ್ಬಿಸಿಕೊಂಡಿದ್ದು!