ಪಿಡಿಎಫ್ ಪಟ್ಟಿಯಲ್ಲಿ ‘ತೀರ್ಥಹಳ್ಳಿ’ ಒಡೆಯುವುದೇಕೆ?

ಪ್ರಶ್ನೆ: ಅಡಿಕೆ ವ್ಯಾಪಾರಸ್ಥರೊಬ್ಬರಿಗಾಗಿ ಜಾವಾದಲ್ಲಿ ವೆಬ್ ತಂತ್ರಾಂಶ ಬರೆಯುತ್ತಿದ್ದೇನೆ. ಬೆಳೆಗಾರರಿಗೆ ಕೊಡುವ ಪಟ್ಟಿಯನ್ನು (ಮಾರಾಟದ ಲೆಕ್ಕದ ಚೀಟಿ) ಥೈಮ್‌ಲೀಫ್ ಟೆಂಪ್ಲೇಟ್‌ನಲ್ಲಿ, ಅಂದರೆ ಖಾಲಿ ಜಾಗಗಳಿರುವ ಎಚ್‌ಟಿಎಂಎಲ್ ನಮೂನೆಯಲ್ಲಿ, ತುಂಬಿಸಿ, ಫ್ಲೈಯಿಂಗ್ ಸಾಸರ್ ಲೈಬ್ರರಿಯಿಂದ ಪಿಡಿಎಫ್ ಮಾಡುತ್ತೇನೆ. ಮೊದಲು ಕನ್ನಡ ಕಾಣಿಸಲೇ ಇಲ್ಲ. ನೋಟೊ ಸಾನ್ಸ್ ಕನ್ನಡ ಫಾಂಟ್ ಸೇರಿಸಿದ ಮೇಲೆ ಕಾಣಿಸಿತು, ಆದರೆ ‘ತೀರ್ಥಹಳ್ಳಿ’ ಎಂಬುದು ‘ತೀರ್‌ಥಹಳ್‌ಳಿ’ ಆಗಿದೆ. ಅದೇ ಟೆಂಪ್ಲೇಟ್ ಬ್ರೌಸರ್‌ನಲ್ಲಿ ಸರಿಯಾಗಿದೆ. ಬೇರೆ ಫಾಂಟ್ ಹುಡುಕಲೇ? ಹಳೆಯ ನುಡಿ ಫಾಂಟ್‌ಗೆ ಹೋದರೆ ಸರಿಯಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ.
— ಓದುಗರು, ಸಾಗರ

ಉತ್ತರ: ಫಾಂಟ್ ಬದಲಿಸುತ್ತಾ ದಿನ ಕಳೆಯಬೇಡಿ, ತಪ್ಪು ಫಾಂಟಿನದಲ್ಲ. ನೋಟೊ ಒಳ್ಳೆಯ ಫಾಂಟ್. ಅದರ ಮುಕ್ತ ಪರವಾನಗಿಯಲ್ಲಿ ಪಿಡಿಎಫ್ ಒಳಗೆ ಸೇರಿಸಲು ಯಾವ ಅಡ್ಡಿಯೂ ಇಲ್ಲ. ಕೊರತೆ ಇರುವುದು ಅಕ್ಷರ ಜೋಡಿಸುವ ಹಂತದಲ್ಲಿ.

ಯೂನಿಕೋಡ್‌ನಲ್ಲಿ ‘ರ್ಥ’ ಎಂದರೆ ರ, ಹಲಂತ, ಥ ಎಂಬ ಮೂರು ಸಂಕೇತಗಳು, ಅಷ್ಟೇ. ಮೊದಲು ಬಂದ ರಕಾರವನ್ನು ಅರ್ಕಾವತ್ತಾಗಿಸಿ ಥಕಾರದ ನಂತರ ಇಡಬೇಕು, ಎರಡನೆಯ ಳಕಾರವನ್ನು ಒತ್ತಾಗಿಸಿ ಕೆಳಗಿಳಿಸಬೇಕು ಎಂಬ ನಿಯಮಗಳಲ್ಲಿ ಒಂದಷ್ಟು ಫಾಂಟಿನ ಕೋಷ್ಟಕಗಳಲ್ಲಿ, ಒಂದಷ್ಟು ಆ ಕೋಷ್ಟಕ ಓದುವ ಇಂಜಿನ್‌ನಲ್ಲಿ ಇರುತ್ತವೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಇಂಜಿನ್. ಫ್ಲೈಯಿಂಗ್ ಸಾಸರ್ ಈ ಹಂತವನ್ನೇ ಬಿಟ್ಟು, ಒಂದು ಸಂಕೇತಕ್ಕೆ ಒಂದು ಆಕಾರದಂತೆ ಎತ್ತಿ ಸಾಲಾಗಿ ಇಟ್ಟುಬಿಡುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು; ಕನ್ನಡಕ್ಕೆ ಸಾಲದು. ಪಿಡಿಎಫ್‌ಬಾಕ್ಸ್ ಲೈಬ್ರರಿಯ ಮೇಲೆ ಕಟ್ಟಿದ, ಇದೇ ಕೆಲಸದ ಓಪನ್‌ಎಚ್‌ಟಿಎಂಎಲ್‌ಟುಪಿಡಿಎಫ್‌ಗೆ ಬದಲಾದರೂ ಕನ್ನಡದ ಮಟ್ಟಿಗೆ ಇದೇ ಪಾಡು.

ನಿಮಗೆ ನನ್ನ ಸಲಹೆ: ಟೆಂಪ್ಲೇಟ್ ಹಾಗೆಯೇ ಇರಲಿ, ಕೊನೆಯ ಹಂತ ಮಾತ್ರ ಬದಲಾಗಲಿ. ಥೈಮ್‌ಲೀಫ್ ಕೊಡುವ ಎಚ್‌ಟಿಎಂಎಲ್ ಅನ್ನು ಸರ್ವರ್‌ನಲ್ಲೇ ಪರದೆಯಿಲ್ಲದೆ ಓಡುವ ಕ್ರೋಮಿಯಂಗೆ (ಕ್ರೋಮ್‌ನ ಮುಕ್ತ ತಂತ್ರಾಂಶ ರೂಪ) ಕೊಟ್ಟು ಪಿಡಿಎಫ್ ಪಡೆಯಿರಿ. ಬ್ರೌಸರನ್ನು ಕೋಡ್‌ನಿಂದ ನಡೆಸುವ ಪ್ಲೇರೈಟ್‌ನ ಜಾವಾ ಆವೃತ್ತಿಯಲ್ಲಿ ಇದಕ್ಕೆ ಕೆಲವೇ ಸಾಲು ಸಾಕು. ಬ್ರೌಸರ್‌ನಲ್ಲಿ ಕಂಡದ್ದೇ ಕಾಗದದಲ್ಲಿ ಬರುತ್ತದೆ. ಮೆಮೊರಿ ಹೆಚ್ಚು ಬೇಕಾಗುತ್ತದೆ ಎಂಬುದು ನಿಜ. ಪಟ್ಟಿಯಲ್ಲಿ ಹೆಸರು ಸರಿಯಾಗಿ ಬರಲು ಆ ಬೆಲೆ ತೆರಬಹುದು.

ಎರಡು ಎಚ್ಚರಿಕೆ ಬೇಕು. ಫಾಂಟನ್ನು ಸರ್ವರ್‌ನಲ್ಲೇ ಸ್ಥಾಪಿಸಿ, ಇಲ್ಲವೇ ಫಾಂಟ್ ಪೂರ್ತಿ ಬರುವವರೆಗೆ ಕಾದು ಮುದ್ರಿಸಿ. ಇಲ್ಲದಿದ್ದರೆ ಬರಿಯ ಚೌಕಗಳು ಮೂಡಬಹುದು. ಇನ್ನೊಂದು ಸುರಕ್ಷತೆಯ ವಿಷಯ. ಕ್ರೋಮಿಯಂ ನಿಜವಾದ ಬ್ರೌಸರ್ ಆದ್ದರಿಂದ ಬೆಳೆಗಾರರ ಹೆಸರಿನ ಜಾಗದಲ್ಲಿ ಯಾರಾದರೂ ಸ್ಕ್ರಿಪ್ಟ್ ತುಂಬಿದರೆ ಅದನ್ನೂ ಓಡಿಸುತ್ತದೆ. ಥೈಮ್‌ಲೀಫ್‌ನ ‘ಟೆಕ್ಸ್ಟ್’ ಗುಣವನ್ನೇ ಬಳಸಿ, ಅದು ತುಂಬಿದ್ದನ್ನು ಬರಿಯ ಪಠ್ಯವಾಗಿಯೇ ತೋರಿಸುತ್ತದೆ; ತುಂಬಿದ್ದನ್ನು ಹಾಗೆಯೇ ಕೋಡ್ ಆಗಿ ಬಿಡುವ ‘ಯುಟೆಕ್ಸ್ಟ್’ ಮುಟ್ಟಬೇಡಿ. ಸ್ಟ್ರಿಂಗ್‌ಗಳನ್ನು ಕೂಡಿಸಿ ಎಚ್‌ಟಿಎಂಎಲ್ ಕಟ್ಟುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಬ್ರೌಸರ್ ಸ್ಥಾಪಿಸಲು ಸಾಧ್ಯವೇ ಇಲ್ಲದ ಸರ್ವರ್ ಆದರೆ ಇನ್ನೊಂದು ದಾರಿ ಇದೆ. ಜಾವಾದ ಒಳಗೇ, 9ನೇ ಆವೃತ್ತಿಯಿಂದ, ಅಂದರೆ 2017ರಿಂದ, ಹಾರ್ಫ್‌ಬಜ್ ಕುಳಿತಿದೆ. ಓಪನ್‌ಪಿಡಿಎಫ್ ಲೈಬ್ರರಿಯ ಲೇಔಟ್‌ಪ್ರೊಸೆಸರ್ ಅನ್ನು ಚಾಲೂ ಮಾಡಿದರೆ ಅಕ್ಷರ ಜೋಡಣೆಯನ್ನು ಅದು ಜಾವಾಕ್ಕೇ ಒಪ್ಪಿಸುತ್ತದೆ. ಆದರೆ ಆಗ ಎಚ್‌ಟಿಎಂಎಲ್ ಬಿಟ್ಟು ಕೋಷ್ಟಕ, ಸಾಲುಗಳನ್ನು ಕೋಡ್‌ನಲ್ಲೇ ಬರೆಯಬೇಕು. ಚಿಕ್ಕ ರಸೀದಿಗೆ ಸರಿ, ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬಗೆಬಗೆಯಾಗಿ ತೂಕ, ದರ, ಕಡಿತ ಬರೆಯುವ ಪಟ್ಟಿಗೆ ಶ್ರಮ ಜಾಸ್ತಿ. ಐಟೆಕ್ಸ್ಟ್ ಎಂಬ ಪಿಡಿಎಫ್ ಲೈಬ್ರರಿಯಲ್ಲಿ ಕ್ಯಾಲಿಗ್ರಾಫ್ ಎಂಬ ಸೇರ್ಪಡೆಯಿಂದ ಕನ್ನಡ ಚೆನ್ನಾಗಿ ಬರುತ್ತದೆ, ಅದಕ್ಕೆ ಹಣ ಕೊಡಬೇಕು. ಐಟೆಕ್ಸ್ಟ್ ಕೂಡ 5ನೇ ಆವೃತ್ತಿಯಿಂದ ಎಜಿಪಿಎಲ್ ಪರವಾನಗಿಯಲ್ಲಿದೆ: ನಿಮ್ಮ ತಂತ್ರಾಂಶದ ಮೂಲ ಕೋಡನ್ನು ಬಳಕೆದಾರರಿಗೆ ತೆರೆದಿಡಲು ಸಿದ್ಧರಿಲ್ಲದಿದ್ದರೆ ವಾಣಿಜ್ಯ ಪರವಾನಗಿ ಕೊಳ್ಳಬೇಕಾಗುತ್ತದೆ. ಗ್ರಾಹಕರಿಗೆ ಇದನ್ನು ಮೊದಲೇ ತಿಳಿಸುವುದು ನಿಮ್ಮ ಹೊಣೆ.

ಗೆಳೆಯರ ಸಲಹೆ ಮಾತ್ರ ಬೇಡ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಅಕ್ಷರದ ತುಂಡುಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕುಳಿತಿರುತ್ತವೆ. ಜೋಡಿಸುವ ಇಂಜಿನ್ ಬೇಡವಾದ್ದರಿಂದ ಪಿಡಿಎಫ್‌ನಲ್ಲಿ ಚಂದವಾಗಿ ಕಾಣುತ್ತವೆ. ಆದರೆ ಆ ಪಠ್ಯವನ್ನು ದತ್ತಸಂಚಯದಲ್ಲಿಟ್ಟರೆ ಹೆಸರು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ಮೊಬೈಲ್‌ಗೆ ಸಂದೇಶವಾಗಿ ಕಳಿಸಿದರೆ ಯಾರಿಗೂ ಅರ್ಥವಾಗದು. ಒಂದು ಕಾಗದ ಸರಿಪಡಿಸಲು ಇಡೀ ದತ್ತಾಂಶ ಕೆಡಿಸಿಕೊಂಡಂತೆ.

‘ಇಂಗ್ಲಿಷಿನಲ್ಲೇ ಕೊಟ್ಟುಬಿಡಿ’ ಎನ್ನುವವರೂ ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ವರ್ಷವಿಡೀ ಮಳೆ, ಕೊಳೆರೋಗಗಳ ನಡುವೆ ತೋಟ ಉಳಿಸಿಕೊಂಡವರಿಗೆ ಆ ಪಟ್ಟಿ ವರ್ಷದ ದುಡಿಮೆಯ ಲೆಕ್ಕ. ಅದನ್ನು ಅವರೇ ಓದಿ ತಾಳೆ ನೋಡುವಂತಿರಬೇಕು.

ಪರೀಕ್ಷೆಗೆ ನಮ್ಮ ಜಿಲ್ಲೆಯ ತಾಲ್ಲೂಕುಗಳ ಹೆಸರೇ ಬಹುಪಾಲು ಸಾಕು: ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬ, ಶಿಕಾರಿಪುರ. ಗುಣಿತ, ಒತ್ತು, ಅರ್ಕಾವತ್ತು ಎಲ್ಲವೂ ಇವೆ. ಎರಡು ಒತ್ತುಗಳು ಸೇರುವ ‘ಲಕ್ಷ್ಮೀ’, ವಟ್ರಸುಳಿಯ ‘ಕೃಷ್ಣಪ್ಪ’ ಸೇರಿಸಿಕೊಳ್ಳಿ. ಪಿಡಿಎಫ್ ಅನ್ನು ಚಿತ್ರವಾಗಿ ಪರಿವರ್ತಿಸಿ, ಕಣ್ಣಾರೆ ನೋಡಿ ಒಪ್ಪಿದ ಚಿತ್ರಕ್ಕೆ ಹೋಲಿಸುವ ಸ್ವಯಂಚಾಲಿತ ಪರೀಕ್ಷೆ ಬರೆಯಿರಿ. ಪಠ್ಯ ಹೊರತೆಗೆದು ಹೋಲಿಸುವುದನ್ನು ನಂಬಬೇಡಿ. ಜೋಡಿಸಿದ ಕನ್ನಡ ನಕಲು ಮಾಡುವಾಗ ಕಲಸಿ ಹೋಗುವುದುಂಟು. ಇದೇ ಕಾರಣಕ್ಕೆ ಪಟ್ಟಿಯ ಸಂಖ್ಯೆಯನ್ನು ಇಂಗ್ಲಿಷ್ ಅಂಕಿಯಲ್ಲಿ ಹಾಕಿ, ಹುಡುಕಲು ಅದು ಸದಾ ಒದಗುತ್ತದೆ.

ಹಣದ ಬಗ್ಗೆ ಒಂದು ಮಾತು. ಜಾವಾದ ಡೆಸಿಮಲ್‌ಫಾರ್ಮ್ಯಾಟ್ ಲಕ್ಷದ ಅಲ್ಪವಿರಾಮ ಅರಿಯದು. 1,25,000 ಎನ್ನುವಲ್ಲಿ 125,000 ಎಂದು ಬರೆಯುತ್ತದೆ. ಐಸಿಯು4ಜೆ ಲೈಬ್ರರಿ ಸರಿಯಾಗಿ ಬರೆಯುತ್ತದೆ. ಲೆಕ್ಕವೆಲ್ಲ, ಪೈಸೆ ತಪ್ಪದಂತೆ ದಶಮಾಂಶ ಇಡುವ ಜಾವಾದ ಬಿಗ್‌ಡೆಸಿಮಲ್‌ನಲ್ಲೇ ಇರಲಿ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಕಾರ್ಯದರ್ಶಿಗಳು ನೋಟಿಸ್‌ನ ಒಕ್ಕಣೆಯನ್ನು ಆಗಾಗ ಬದಲಿಸುತ್ತಾರೆ. ಪ್ರತಿ ಸಲ ಕೋಡ್ ಮುಟ್ಟದೆ ಸಾಧ್ಯವೇ?
— ಓದುಗರು, ಕೊಪ್ಪ

ಉತ್ತರ: ಸಾಧ್ಯ. ಅವರಿಗೆ ಎಚ್‌ಟಿಎಂಎಲ್ ಕಲಿಸಲು ಹೋಗಬೇಡಿ. ವರ್ಡ್ ಕಡತವನ್ನೇ ಟೆಂಪ್ಲೇಟ್ ಮಾಡಿ. ಎಕ್ಸ್‌ಡಾಕ್‌ರಿಪೋರ್ಟ್ ಲೈಬ್ರರಿ ಡಾಕ್ಸ್ ಕಡತದಲ್ಲಿನ ಗುರುತುಗಳ ಜಾಗದಲ್ಲಿ ಹೆಸರು, ದಿನಾಂಕ ತುಂಬುತ್ತದೆ. ಆ ಕಡತವನ್ನು ಜೋಡ್‌ಕನ್ವರ್ಟರ್ ಮೂಲಕ ಸರ್ವರ್‌ನಲ್ಲಿರುವ ಲಿಬ್ರೆಆಫೀಸ್‌ಗೆ ಕೊಟ್ಟರೆ ಪಿಡಿಎಫ್ ಸಿಗುತ್ತದೆ. ಲಿಬ್ರೆಆಫೀಸ್ ಕೂಡ ಹಾರ್ಫ್‌ಬಜ್ ಬಳಸುತ್ತದೆ, ಕನ್ನಡ ಒಡೆಯದು. ವರ್ಡ್‌ನಲ್ಲಿ ಬಳಸಿದ ಫಾಂಟ್ ಸರ್ವರ್‌ನಲ್ಲೂ ಇರಲಿ, ಇಲ್ಲದಿದ್ದರೆ ಸಾಲುಗಳು ಪುಟದಿಂದ ಪುಟಕ್ಕೆ ಜಾರುತ್ತವೆ.

ಹೊಸ ಒಕ್ಕಣೆಯನ್ನು ಹಳೆಯದರ ಮೇಲೆ ಬರೆಯದೆ ಆವೃತ್ತಿಯಾಗಿ ಇಟ್ಟುಕೊಳ್ಳಿ, ಕಳಿಸಿದ ಪಿಡಿಎಫ್ ಅನ್ನೂ ಉಳಿಸಿ. ಮಹಾಸಭೆಯ ನೋಟಿಸ್ ಬಗ್ಗೆ ಮುಂದೆ ತಕರಾರು ಬಂದರೆ, ಸದಸ್ಯರ ಕೈ ಸೇರಿದ ಪ್ರತಿಯನ್ನೇ ತೆಗೆದು ತೋರಿಸಬಹುದು.