ನಗರದ ಹಳೀ ಗಾಡಿ, ಹಳೀ ಸಾಮಾನು ಎಲ್ಲಿಗೆ ಹೋಗ್ತಾವ? ಲಿಲಾವಿನಾಗ ಒಂದು ಜೀಪ್ ಸಿಗ್ತದೇನು?

ನೀವು ಎರಡು ಕೇಳೀರಿ. ಪಾಲಿಕೆ, ನಗರಸಭೆದವ್ರು ಹಳೀ ಕಸದ ಗಾಡಿ, ಟ್ಯಾಂಕರ್, ಮೋಟರ್ ಇವೆಲ್ಲಾ ಕಡೀಕ ಏನು ಮಾಡ್ತಾರ ಅಂತ ಒಂದು, ಕಲಬುರಗಿಯಾಗ ಅಂಥ ಲಿಲಾವಾದ್ರ ನಿಮಗ ಓಡಿಸ್ಲಿಕ್ಕ ಒಂದು ಹಳೀ ಜೀಪ್ ಸಿಗ್ತದೇನು ಅಂತ ಇನ್ನೊಂದು. ನಮ್ಮದು ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಗ್ಯಾಸ್ ಕಟಿಂಗ್, ವೆಲ್ಡಿಂಗ್ ಅಂಗಡಿ ಅದ. ಕಾಕಾ ಮತ್ತ ನಾನು ಕೂಡಿ ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲಾದಾಗ ಇಂಥ ಲಿಲಾವಿಗೆ ಹೋಗ್ಲಿಕತ್ತು ಇಪ್ಪತ್ತು ವರ್ಷ ಆಯ್ತು, ಕಣ್ಣಾರೆ ಕಂಡಿದ್ದು ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ, ಓದ್ರಿ.

ಮೊದಲು ಜೀಪಿನ ಮಾತು ಮುಗಸ್ತೀನಿ, ಯಾಕಂದ್ರ ಭಾಳ ಮಂದಿ ಇಲ್ಲೇ ರೊಕ್ಕ ಕಳಕೊಳ್ತಾರ. 2023ರ ಏಪ್ರಿಲ್ 1ರಿಂದ ನಿಯಮ ಬದಲಾಗ್ಯದ. ಕೇಂದ್ರದ್ದಿರ್ಲಿ ರಾಜ್ಯದ್ದಿರ್ಲಿ, ಪಾಲಿಕೆ, ನಗರಸಭೆ, ಪಂಚಾಯ್ತಿ, ಸರ್ಕಾರಿ ಬಸ್ ನಿಗಮ ಯಾರದೇ ಇರ್ಲಿ, ಗಾಡಿ ಮೊದಲ ಸಲ ರಿಜಿಸ್ಟರ್ ಆದ ದಿನದಿಂದ 15 ವರ್ಷ ತುಂಬಿತಂದ್ರ ಆರ್.ಸಿ. ಅಲ್ಲಿಗೇ ಮುಗೀತು, ರಿನ್ಯೂವಲ್ ಅನ್ನೋ ಮಾತೇ ಇಲ್ಲ. ಅದಕ್ಕೂ ಮೊದಲೇ ರಿನ್ಯೂ ಮಾಡಿಸಿಟ್ಟಿದ್ರೂ 15 ದಾಟಿದ್ರ ರದ್ದು. ಸೈನ್ಯದ್ದು, ಕಾನೂನು ಸುವ್ಯವಸ್ಥೆಗೆ ಬಳಸೋ ವಿಶೇಷ ಗಾಡಿಗಳು, ಇವಕ್ಕಷ್ಟೇ ವಿನಾಯ್ತಿ. ಹಂಗ ಮುಗಿದ ಗಾಡಿ 2021ರ ಸ್ಕ್ರ್ಯಾಪಿಂಗ್ ನಿಯಮದ ಪ್ರಕಾರ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಹೋಗ್ಬೇಕು. ಅಲ್ಲಿ ಆಯಿಲ್, ಬ್ಯಾಟ್ರಿ, ಎ.ಸಿ. ಗ್ಯಾಸ್ ಎಲ್ಲಾ ಬ್ಯಾರೆ ತೆಗೀತಾರ, ಚೆಸ್ಸಿ ನಂಬರ್ ಇರೋ ತುಂಡು ಕೊಯ್ದು ಬ್ಯಾರೆ ಇಟ್ಕೋತಾರ, ಆಮ್ಯಾಲ ಗಾಡಿ ನೋಂದಣಿಯ ಸರ್ಕಾರಿ ವಾಹನ್ ಪೋರ್ಟಲ್‌ನಾಗ ಆ ಗಾಡಿ ಲೆಕ್ಕ ಮುಗಸ್ತಾರ. ಅದಕ್ಕ ಅಂಥ ಗಾಡಿಗಳ ಲಿಲಾವಿನಾಗ ಬೋಲಿ ಹಾಕೋರು ಆ ಕೇಂದ್ರದವ್ರೇ, ನಿಮ್ಮಂಥವ್ರಿಗೆ ನಮ್ಮಂಥವ್ರಿಗೆ ಅಲ್ಲಿ ಜಾಗಾ ಇಲ್ಲ. ಯಾರರೆ ಬಂದು "ಸರ್ಕಾರಿ ಜೀಪ್ ಅದ್ರೀ, ಇಪ್ಪತ್ತು ವರ್ಷದ್ದು, ನಿಮ್ಮ ಹೆಸರಿಗೆ ಮಾಡಿಸಿ ಕೊಡ್ತೀನಿ" ಅಂದ್ರ ಕೈ ಮುಗಿದು ಕಳಸ್ರಿ.

ಇನ್ನ ನೀವು ಮೊದಲು ಕೇಳಿದ್ದು, ಹಳೀ ಗಾಡಿ ಕಡೀಕ ಏನಾಗ್ತದ ಅಂತ. ಗಾಡಿ ಕಂಡೆಮ್ ಆಗೋದು ಹೆಂಗಂದ್ರ, ಮೊದಲು ವಾಹನ ವಿಭಾಗದವ್ರು ಇದು ಇನ್ನ ನಡ್ಯಂಗಿಲ್ಲ, ರಿಪೇರಿ ಖರ್ಚೇ ಜಾಸ್ತಿ ಆಗ್ತದ ಅಂತ ಬರೀತಾರ, ಆರ್‌ಟಿಓ ಕಡಿಂದ ಇನ್‌ಸ್ಪೆಕ್ಟರ್ ಬಂದು ನೋಡಿ ಬೆಲೆ ಕಟ್ಟಿ ಸರ್ಟಿಫಿಕೇಟ್ ಕೊಡ್ತಾರ, ಮ್ಯಾಲಿನವ್ರು ಮಂಜೂರಿ ಕೊಡ್ತಾರ, ಸ್ಟಾಕ್ ರಿಜಿಸ್ಟರ್‌ನಾಗ ನೋಟ್ ಬೀಳ್ತದ, ಆಮ್ಯಾಲ ಲಿಲಾವು. ಕಾಗದದ ಮ್ಯಾಲ ಇಷ್ಟೇ. ಆದ್ರ ಈ ಒಂದೊಂದು ಮೆಟ್ಟಲಿಗೂ ಫೈಲ್ ಕುಂತಿರ್ತದ, ಫೈಲ್ ಕುಂತಲ್ಲಿ ಗಾಡಿನೂ ನಿಂತಿರ್ತದ, ನುಕ್ಸಾನ ಎಲ್ಲಾ ಆಗೋದು ಆವಾಗ. ಲಿಲಾವಿನಾಗ ಕಡಿಮಿ ರೇಟ್ ಬಂತು, ಯಾರೋ ತಿಂದ್ರು ಅಂತ ಮಂದಿ ಮಾತಾಡ್ತಾರ, ಅದೂ ನಡೀತದ, ಆದ್ರ ನಾ ಕಂಡಂಗ ಲಿಲಾವಿನ ದಿನಾ ಹೋಗೋ ರೊಕ್ಕಕ್ಕಿಂತ ಲಿಲಾವಿಗೆ ಮೊದಲು ನಿಂತಲ್ಲೇ ಹೋಗೋ ರೊಕ್ಕ ಭಾಳ ದೊಡ್ಡದು.

ಒಂದು ಹೇಳ್ತೀನಿ ಕೇಳ್ರಿ. ಹದಿನಾಲ್ಕು ವರ್ಷದ ಹಿಂದಿನ ಮಾತು, ನಮ್ಮ ಭಾಗದ್ದೇ ಒಂದು ಸಣ್ಣ ಊರು, ಹೆಸರು ಬ್ಯಾಡ. ಲಿಲಾವಿನ ನೋಟಿಸ್ ನೋಡಿ ಕಾಕಾ ಮತ್ತ ನಾನು ಮಾಲು ನೋಡ್ಲಿಕ್ಕ ಹೋದ್ವಿ. ಮಳಿಗಾಲ ಆಗಿ ಒಂದು ತಿಂಗಳು ಆಗಿರ್ಬೇಕು. ಕಂಪೌಂಡಿನ ಹಿಂದ ಎರಿ ಮಣ್ಣಿನ ಬಯಲು, ಅಲ್ಲಿ ಒಂದು ಜೆಟ್ಟಿಂಗ್ ಮಷೀನ್ ಗಾಡಿ ನಿಂತಿತ್ತು, ಒಳಚರಂಡಿ ಚೇಂಬರ್ ಬ್ಲಾಕ್ ಆದ್ರ ನೀರಿನ ಪ್ರೆಶರ್ ಹಾಕಿ ತೆಗಿಯೋದು ಅದೇ. ಟೈರ್ ಮಣ್ಣಾಗ ರಿಮ್ ತನಕ ಹುಗಿದಿತ್ತು. ನಮ್ಮ ಕಡೆ ಬಿಸಲು ನಿಮಗ ಗೊತ್ತೇ ಅದ, ಒಂದು ಬ್ಯಾಸಗಿ ನಿಂತ್ರ ಸಾಕು ರಬ್ಬರ್ ಸೀಳ್ತದ, ಇದು ಎಷ್ಟು ಬ್ಯಾಸಗಿ ಕಂಡಿತ್ತೋ ಏನೋ. ಬಾನೆಟ್ ಎತ್ತಿದ್ರ ಬ್ಯಾಟ್ರಿ ಇಲ್ಲ, ರೇಡಿಯೇಟರ್ ಇಲ್ಲ, ಸೆಲ್ಫ್ ಮೋಟರ್ ಇಲ್ಲ, ಇದ್ದ ಜಾಗಾದಾಗ ಒಂದು ಜಾಲಿ ಗಿಡ ಬೆಳ್ದು ಮ್ಯಾಲ ಬಂದಿತ್ತು, ಬಾನೆಟ್ ಎತ್ತುವಾಗ ಕಾಕಾನ ಕೈಗೆ ಮುಳ್ಳು ಚುಚ್ಚಿತು.

ಸ್ಟೋರ್ ನೋಡ್ಕೊಳ್ಳೋ ಗುಮಾಸ್ತರು ರಿಟೈರ್ ಆಗ್ಲಿಕ್ಕ ಬಂದವ್ರು. ಒಂದು ಬಿಸ್ಕಿಟ್ ಡಬ್ಬಿಯಾಗ ಎಲ್ಲಾ ಗಾಡಿ ಚಾವಿ ಇಟ್ಟಿದ್ರು, ಒಂದೊಂದಕ್ಕೂ ರಟ್ಟಿನ ಚೀಟಿ ಕಟ್ಟಿ ನಂಬರ್ ಬರ್ದಿದ್ರು. ಕ್ಯಾಬಿನ್ ಬಾಗಿಲು ತೆಗದ್ರ ಡ್ಯಾಶ್‌ಬೋರ್ಡಿನಾಗ ಲಾಗ್ ಬುಕ್ ಇನ್ನೂ ಇತ್ತು. ಇಲಿ ಅಂಚು ಕಡದಿದ್ವು, ಆದ್ರ ಕಡೀ ಪೇಜ್ ಓದ್ಲಿಕ್ಕ ಬರ್ತಿತ್ತು. ಬಾಲ್‌ಪೆನ್ನಿನಾಗ "ಪಿ.ಟಿ.ಓ. ಶಾಫ್ಟ್ ಜಾಯಿಂಟ್ ರಿಪೇರಿ ಸಲುವಾಗಿ ನಿಲ್ಲಿಸಲಾಗಿದೆ" ಅಂತ ಡ್ರೈವರ್ ಬರ್ದು ಸಹಿ ಮಾಡಿದ್ದ. ಆ ತಾರೀಖಿನಿಂದ ನಾವು ಹೋದ ದಿನಕ್ಕ ಏಳು ವರ್ಷ. ಪಿ.ಟಿ.ಓ. ಅಂದ್ರ ಗೇರ್ ಬಾಕ್ಸಿನಿಂದ ಪಂಪಿಗೆ ಶಕ್ತಿ ಒಯ್ಯೋ ಜೋಡಣಿ, ಅದರ ಜಾಯಿಂಟ್ ಮುರದ್ರ ನಮ್ಮ ಲೇತ್‌ನಾಗ ಕುಂತು ಮಾಡೋ ಕೆಲಸ. ಕಾಕಾ ಆ ಪೇಜಿನ ಮ್ಯಾಲ ಕೈಯಿಟ್ಟು "ಎರಡು ದಿನದ ಕೆಲಸ ಇತ್ತೋ ತಮ್ಮಾ ಇದು, ಎರಡು ದಿನದ್ದು" ಅಂದ. ಗುಮಾಸ್ತರು "ಮೂರು ಸಲ ಫೈಲ್ ಇಟ್ಟೀನ್ರೀ, ಮೂರೂ ಸಲ ಒಂದೊಂದು ಕೊರತಿ ಬರ್ದು ವಾಪಸ್ ಬಂತು" ಅಂದ್ರು, ಅವರ ಮಾರಿ ನೋಡ್ಲಿಕ್ಕ ಆಗ್ಲಿಲ್ಲ.

ನನಗ ಇವತ್ತಿಗೂ ಮರೀಲಿಕ್ಕ ಆಗದೇ ಇರೋದು ಅದಲ್ಲ. ಮುಂಜಾನಿ ಅದೇ ಊರಿನ ಬಸ್‌ಸ್ಟ್ಯಾಂಡ್ ದಾಟಿ ಬರುವಾಗ ರಸ್ತಾದ ನಡುವ ಒಂದು ಚೇಂಬರ್ ಮುಚ್ಚಳ ತೆಗೆದು ಇಬ್ಬರು ಬಿದಿರು ಸೀಳು ಹಾಕಿ ಹಾಕಿ ಬ್ಲಾಕ್ ತೆಗೀಲಿಕತ್ತಿದ್ರು, ಒಬ್ಬ ಸೊಂಟದ ತನಕ ಒಳಗಿದ್ದ. ಒಂದು ಕಡೆ ಆ ಕೆಲಸಕ್ಕಂತಲೇ ತೊಗೊಂಡ ಮಷೀನ್ ಮುಳ್ಳು ಬೆಳಸ್ಕೊಂಡು ನಿಂತದ, ಇನ್ನೊಂದು ಕಡೆ ಮನುಷ್ಯ ಇಳದಾನ. ಮುಂದ 2013ರಾಗ ಕಾಯ್ದೆ ಬಂತು, ಮನುಷ್ಯರನ್ನ ಹಂಗ ಇಳಸೋದು ಅಪರಾಧ. ಕಾಯ್ದೆ ಇದ್ರೂ ಮಷೀನ್ ನಿಂತಿತಂದ್ರ ಯಾರಿಗೆ ಕರೆ ಹೋಗ್ತದ ಅಂತ ನೀವೇ ಯೋಚಿಸ್ರಿ. ಅದಕ್ಕ "ಹೆಚ್ಚಾದ ಸಾಮಾನು", "ಬ್ಯಾಡಾದ ಗಾಡಿ" ಅಂತ ಪಟ್ಟಿ ನೋಡಿದಾಗೆಲ್ಲಾ ನಾ ಮೊದಲು ಕೇಳೋದು, ಇದು ಖರೇನೇ ಬ್ಯಾಡಾಗಿತ್ತೋ ಅಥವಾ ರಿಪೇರಿಗೆ ಅಂತ ನಿಲ್ಲಿಸಿ ಮರ್ತುಬಿಟ್ರೋ. ಕಂಡೆಮ್ ಆಗೋ ಗಾಡಿದು ಲಾಗ್ ಬುಕ್ಕಿನ ಕಡೀ ಪೇಜ್ ಲಿಲಾವಿನ ಫೈಲಿಗೆ ಹಚ್ಚಬೇಕು ಅಂತ ಒಂದು ನಿಯಮ ಮಾಡಿದ್ರ ಅರ್ಧ ಗಾಡಿ ಉಳೀತಾವ, ಇದು ನನ್ನ ಪಕ್ಕಾ ಅಭಿಪ್ರಾಯ.

ಗಾಡಿಗಿಂತ ಸಾಮಾನಿನಾಗ ಇನ್ನೂ ಜಾಸ್ತಿ ಹೋಗ್ತದ. ಬೋರಿನ ಸುಟ್ಟ ಮೋಟರ್, ಕೇಬಲ್, ಹಳೀ ಪೈಪ್, ಬೀದಿ ದೀಪದ ಸೆಟ್, ಕುರ್ಚಿ ಟೇಬಲ್, ಎಲ್ಲಾ ಒಂದೇ ರಾಶಿ ಮಾಡಿ "ಒಂದು ಲಾಟ್" ಅಂತ ಲಿಲಾವಿಗಿಟ್ರ ಬೋಲಿ ಹಾಕೋವ ಕಬ್ಬಿಣದ ರೇಟಿನಾಗೇ ಲೆಕ್ಕ ಹಾಕ್ತಾನ, ಮೋಟರ್ ಒಳಗಿನ ತಾಮ್ರ ಅವಗ ಫುಕಟ್. ನಾವೂ ವ್ಯಾಪಾರದವ್ರೇ, ಅಂಥ ಲಾಟಿನಾಗ ನಮಗೂ ಲಾಭ ಆಗ್ಯದ, ಆದ್ರ ಆ ತಾಮ್ರ ಊರಿನ ಮಂದಿ ಕಟ್ಟಿದ ಕರದ ರೊಕ್ಕ. ತಾಮ್ರ ಬ್ಯಾರೆ, ಅಲ್ಯೂಮಿನಿಯಂ ಬ್ಯಾರೆ, ಬೀಡು ಬ್ಯಾರೆ ಮಾಡಿ, "ಮೋಟರ್ 12 ನಗ" ಅಂತ ಬರಿಯೋ ಬದಲಿ ಕಾಟಾದ ಮ್ಯಾಲ ತೂಕ ಮಾಡಿ ಬರದ್ರ ಅದೇ ಸಾಮಾನಿಗೆ ಬ್ಯಾರೇನೇ ರೇಟ್ ಬರ್ತದ. ಹಳೀ ಕಂಪ್ಯೂಟರ್, ಯುಪಿಎಸ್ ಮಾತ್ರ ನಮ್ಮಂಥ ಗುಜರಿಯವ್ರಿಗೆ ಮಾರಂಗಿಲ್ಲ, ಇ-ತ್ಯಾಜ್ಯ ನಿಯಮ ಅದ, ಬ್ಯಾಟ್ರಿಗೆ 2022ರ ಬ್ಯಾರೆ ನಿಯಮ ಅದ, ಪರವಾನಗಿ ಇದ್ದವ್ರಿಗೇ ಹೋಗ್ಬೇಕು. ಹಳೀ ಸೋಡಿಯಂ ದೀಪದಾಗ ಪಾದರಸ ಇರ್ತದ, ಹುಡುಗ್ರು ಅವನ್ನ ಒಡ್ದು ಆಡೋದು ನೋಡಿದ್ರ ನನಗ ಎದಿ ಝಲ್ ಅಂತದ.

ಮೊದಲೆಲ್ಲಾ ಲಿಲಾವು ಬಯಲಾಗೇ ಕೂಗ್ತಿದ್ರು. ನಾಲ್ಕು ಮಂದಿ ಹೋಟೆಲಿನಾಗ ಚಾ ಕುಡ್ಕೋತ ಮೊದಲೇ ಮಾತಾಡ್ಕೊಂಡು ಬರೋದು, ಒಬ್ಬನೇ ಬೋಲಿ ಹಾಕೋದು, ಆಮ್ಯಾಲ ಹೊರಗ ಅವರವರೇ ಮತ್ತೊಂದು ಲಿಲಾವು ಮಾಡ್ಕೊಳ್ಳೋದು. ಈಗ ಎಂಎಸ್‌ಟಿಸಿ ಅಂತ ಕೇಂದ್ರ ಸರ್ಕಾರದ್ದೇ ಕಂಪನಿ, 1964ರಾಗ ಶುರುವಾಗಿದ್ದು, ಅದರ ಆನ್‌ಲೈನ್ ಲಿಲಾವು ಇರ್ತದ, ಸರ್ಕಾರಿ ಖರೀದಿ-ಮಾರಾಟದ ಜೆಮ್ ಪೋರ್ಟಲ್‌ನಾಗೂ ಇರ್ತದ. ಕುಂತಲ್ಲೇ ಬೋಲಿ ಹಾಕ್ಬಹುದು, ಎದುರಿಗೆ ಯಾರದಾರ ಅಂತ ಗೊತ್ತಾಗಂಗಿಲ್ಲ, ಅದು ಭಾಳ ಚಲೋ ಆಗ್ಯದ.

ಪೊಲೀಸ್ ಠಾಣೆ ಮುಂದ ಸಾಲಾಗಿ ನಿಂತಿರೋ ಬೈಕ್, ಕಾರಿಗೂ ಇದಕ್ಕೂ ಸಂಬಂಧ ಇಲ್ಲ. ಅವು ಕೇಸಿನ ಮಾಲು, ಕೋರ್ಟ್ ಅಪ್ಪಣೆ ಆಗ್ಬೇಕು. ಅಂಥವನ್ನ ವರ್ಷಗಟ್ಲೆ ಕೊಳೀಲಿಕ್ಕ ಬಿಡಬ್ಯಾಡ್ರಿ ಅಂತ ಸುಪ್ರೀಂ ಕೋರ್ಟ್ 2002ರಾಗೇ ಹೇಳ್ಯದ, ಆದ್ರೂ ನಿಂತೇ ಇರ್ತಾವ.

ಈಗ ನಿಮ್ಮ ಜೀಪಿಗೆ ವಾಪಸ್ ಬರ್ತೀನಿ. 15 ವರ್ಷ ತುಂಬದೇ ಇರೋ ಗಾಡಿ ಯಾವಾಗರೆ ಒಂದೊಂದು ಲಿಲಾವಿಗೆ ಬರ್ತಾವ. ಕ್ಯಾಟಲಾಗ್ ಓದುವಾಗ ಮೊದಲು ರಿಜಿಸ್ಟರ್ ಆದ ತಾರೀಖು ನೋಡ್ರಿ, ಆಮ್ಯಾಲ ಆರ್.ಸಿ. ಸಮೇತ ಕೊಡ್ತಾರೋ ಬರೀ ಸ್ಕ್ರ್ಯಾಪ್ ಅಂತ ಕೊಡ್ತಾರೋ ಅದನ್ನ ನೋಡ್ರಿ, ಸ್ಕ್ರ್ಯಾಪ್ ಅಂತ ಇದ್ರ ಬಿಟ್ಟುಬಿಡ್ರಿ. ಇಎಂಡಿ, ಅಂದ್ರ ಬೋಲಿಗೆ ಮೊದಲು ಇಡೋ ಠೇವಣಿ, ಕಟ್ಟೋಕಿಂತ ಮೊದಲು ಮಾಲು ನೋಡ್ಲಿಕ್ಕ ಕೊಟ್ಟ ದಿನಾ ತಪ್ಪದೇ ಹೋಗ್ರಿ, ಫೋಟೋ ನಂಬಬ್ಯಾಡ್ರಿ, ಇದ್ದಲ್ಲಿ ಇದ್ದಂಗ ಅಂತನೇ ಮಾರ್ತಾರ, ಆಮ್ಯಾಲ ಇಂಜಿನ್ ಒಳಗ ಏನಿಲ್ಲ ಅಂತ ಜಗಳ ಮಾಡಿದ್ರ ನಡ್ಯಂಗಿಲ್ಲ. ಒಬ್ಬ ಮಿಸ್ತ್ರಿನ ಕರ್ಕೊಂಡು ಹೋಗ್ರಿ, ಬ್ಯಾಟ್ರಿ ಮತ್ತ ಒಂದು ಜೋಡಿ ವೈರ್ ಒಯ್ರಿ, ಸ್ಟಾರ್ಟ್ ಮಾಡ್ಲಿಕ್ಕ ಬಿಡ್ತಾರೇನು ಕೇಳ್ರಿ, ಚೆಸ್ಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೊಗೊಂಡು ಆರ್.ಸಿ.ಗೆ ಹೊಂದಿಸಿ ನೋಡ್ರಿ. ಬೋಲಿ ರೇಟಿನ ಮ್ಯಾಲ ಜಿಎಸ್‌ಟಿ ಬೀಳ್ತದ, ಎತ್ತಿಸಿ ಸಾಗಸೋ ಖರ್ಚು ನಿಮ್ಮದು, ಟೈಮಿಗೆ ಎತ್ಲಿಲ್ಲಂದ್ರ ಜಾಗಾದ ಬಾಡಿಗಿನೂ ಹಾಕ್ತಾರ, ಇವೆಲ್ಲಾ ಕೂಡ್ಸಿ ಕಡೀ ರೇಟ್ ಬರ್ಕೊಂಡು ಕುಂದ್ರಿ, ಅದರ ಮ್ಯಾಲ ಒಂದು ರೂಪಾಯಿ ಏರಸಬ್ಯಾಡ್ರಿ. ಮತ್ತ ಹೋದಾಗ ಲಾಗ್ ಬುಕ್ ಅದೇನ್ರೀ ಅಂತ ಒಂದು ಮಾತು ಕೇಳ್ರಿ, ಇದ್ರ ಕಡೀ ಪೇಜಿನಿಂದ ಹಿಂದಕ್ಕ ಓದ್ಕೋತ ಬರ್ರಿ, ಗಾಡಿಗೆ ಏನಾಗಿತ್ತು ಅಂತ ಅದರಾಗೇ ಬರ್ದಿರ್ತದ.